ಮಗು ಬಾಲಮಂದಿರ ಸೇರಿದರೆ ತಂದೆತಾಯಿ ಎಲ್ಲಿಗೆ ಹೋಗಬೇಕು?

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಪ್ರವಾದಿ ಮೂಸಾ(ಅ)ರ ತಾಯಿಯ ವಿಷಯ ಹೇಳಿದ್ದೆ. ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟ ಆ ತಾಯಿ ಅಳುತ್ತಾ ಮನೆಯಲ್ಲಿ ಕೂರಲಿಲ್ಲ. ಮಗಳನ್ನು ಕರೆದು ಅದರ ಬೆನ್ನಿಗೇ ಹೋಗಲು ಹೇಳಿದರು. ಹುಡುಗಿ ದೂರದಿಂದ ನೋಡುತ್ತಾ ನಡೆದಳು, ಮಗು ಅರಮನೆ ಸೇರಿದಾಗ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದಳು, ಮಗು ತಾಯಿಯ ಮಡಿಲಿಗೆ ಮರಳಿತು. ನಮಾಝ್ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಒಬ್ಬರು ನಿಂತು ಕೇಳಿದರು: “ಹಜ್ರತ್, ಈಗ ಸರ್ಕಾರದವರು ಮಗುವನ್ನು ಕರೆದುಕೊಂಡು ಹೋದರೆ ನಾವು ಯಾರ ಬೆನ್ನಿಗೆ ಹೋಗಬೇಕು?”

ಖುತ್ಬಾದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದವನು. ಈ ವಿಷಯ ನನಗೆ ಗೊತ್ತಾದದ್ದು ಒಂದು ತಪ್ಪು ಸಲಹೆ ಕೊಟ್ಟ ನಂತರ.

ಎರಡು ವರ್ಷದ ಹಿಂದಿನ ಮಾತು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬನಶಂಕರಿ ಕಡೆಯ ಒಬ್ಬ ತಾಯಿ. ಗಂಡ ಬಿಟ್ಟುಹೋಗಿ ಮೂರು ವರ್ಷ. ಜೆ.ಪಿ. ನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಸಂಸಾರ ನಡೆಸುತ್ತಿದ್ದರು. ಹನ್ನೊಂದು ವರ್ಷದ ಮಗ ಶಾಲೆ ಬಿಟ್ಟಿದ್ದ. ಏಳು ವರ್ಷದ ತಂಗಿಯನ್ನು ಕರೆದುಕೊಂಡು ಸಂಜೆ ಹೊತ್ತು ಸಿಗ್ನಲ್‌ನಲ್ಲಿ ಪೆನ್ನು, ಬಲೂನು ಮಾರುತ್ತಿದ್ದ. ಒಂದು ಸಂಜೆ ಪೊಲೀಸರೂ ಮಕ್ಕಳ ಸಹಾಯವಾಣಿಯವರೂ ಬಂದು ಇಬ್ಬರನ್ನೂ ಕರೆದೊಯ್ದರು. ಮರುದಿನ ಅಸರ್ ನಂತರ ಆಕೆ ಮಸೀದಿಯ ಬಾಗಿಲಿಗೆ ಬಂದರು. “ಇಮಾಮ್ ಸಾಬ್, ಸ್ಟೇಷನ್‌ಗೆ ಹೋದರೆ ಇಲ್ಲಿಲ್ಲಮ್ಮ, ಬಾಲಮಂದಿರಕ್ಕೆ ಕಳಿಸಿದ್ದಾರೆ ಅಂದರು. ಬಾಲಮಂದಿರ ಅಂದರೆ ಜೈಲಾ?”

“ಸಬರ್ ಮಾಡಮ್ಮ, ದುಆ ಮಾಡುತ್ತೇವೆ, ಹಿರಿಯರು ಯಾರನ್ನಾದರೂ ಕಂಡು ಮಾತಾಡುತ್ತಾರೆ” ಎಂದೆ. ಯಾರಾದರೂ ದೊಡ್ಡವರು ಒಂದು ಫೋನ್ ಮಾಡಿದರೆ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಈ ಸಬರಿನಲ್ಲಿ ಮೂರೂವರೆ ವಾರ ಹೋಯಿತು. ನಡುವೆ ಸಮಾಜ ಕಾರ್ಯಕರ್ತೆಯೊಬ್ಬರು ಮನೆ ನೋಡಲು ಬಂದಾಗ ತಾಯಿ ಕೆಲಸಕ್ಕೆ ಹೋಗಿದ್ದರು, ಬಾಗಿಲಿಗೆ ಬೀಗ. ಬೀದಿಯ ಇನ್ನೊಬ್ಬ “ಹದಿನೈದು ಸಾವಿರ ಕೊಡಿ, ಬಿಡಿಸಿಕೊಂಡು ಬರುತ್ತೇನೆ” ಎಂದ. ಆಕೆ ಕಿವಿಯೋಲೆ ಅಡವಿಟ್ಟು ಕೊಟ್ಟರು. ಆ ಮನುಷ್ಯ ಮತ್ತೆ ಕಾಣಲಿಲ್ಲ. ಇಪ್ಪತ್ತಾರನೇ ದಿನ ನಮ್ಮ ಮಸೀದಿಗೆ ನಮಾಝಿಗೆ ಬರುವ ಒಬ್ಬ ಯುವ ವಕೀಲರು ವಿಷಯ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಆರ್ಡರ್ ಕಾಪಿ ಎಲ್ಲಿದೆ?” ಆರ್ಡರ್ ಎನ್ನುವುದೊಂದು ಇರುತ್ತದೆ ಎಂಬುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇದ್ದೇ ಇರುತ್ತದೆ. ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ರಸ್ತೆಯಲ್ಲೋ ಗ್ಯಾರೇಜಿನಲ್ಲೋ ಮನೆಯಲ್ಲೋ ಕಷ್ಟದಲ್ಲಿ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಆ ದಿನ ಕೂತಿರದಿದ್ದರೆ ಒಬ್ಬ ಸದಸ್ಯರ ಮುಂದಾದರೂ ಹಾಜರುಪಡಿಸಬೇಕು. ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಈ ಸಮಿತಿ. ಪೊಲೀಸ್ ಸ್ಟೇಷನ್ ಅಲ್ಲ, ಕಾರ್ಪೊರೇಟರ್ ಅಲ್ಲ, ಬಾಲಮಂದಿರದ ಮೇಲ್ವಿಚಾರಕರೂ ಅಲ್ಲ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮ್ಯಾಜಿಸ್ಟ್ರೇಟರಿಗೆ ಇರುವ ಅಧಿಕಾರ ಈ ಪೀಠಕ್ಕೂ ಇದೆ. ಆದ್ದರಿಂದ ಇಲ್ಲಿ ಶಿಫಾರಸು ನಡೆಯುವುದಿಲ್ಲ, ನಡೆಯಲೂಬಾರದು. ತಿಂಗಳಿಗೆ ಕನಿಷ್ಠ 20 ದಿನ ಸಮಿತಿ ಸೇರಬೇಕೆಂಬ ನಿಯಮವಿದೆ. ನಮ್ಮ ಜಯನಗರ, ಬಿಟಿಎಂ, ಗುರಪ್ಪನಪಾಳ್ಯ, ತಿಲಕ್‌ನಗರದವರಿಗೆ ಇದು ದೂರವೂ ಅಲ್ಲ. ಡಾ. ಎಂ.ಎಚ್. ಮರಿಗೌಡ ರಸ್ತೆಯಲ್ಲಿ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳ ಆಸುಪಾಸಿನಲ್ಲೇ ಸರ್ಕಾರಿ ಬಾಲಮಂದಿರವಿದೆ. ನಾವು ಎಷ್ಟೋ ಸಲ ಆ ಗೋಡೆಯ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗಿದ್ದೇವೆ.

ಜೈಲಾ ಎಂದು ಆ ತಾಯಿ ಕೇಳಿದ್ದಕ್ಕೆ ಉತ್ತರ: ಅಲ್ಲ. ಅಪರಾಧದ ಆರೋಪವಿರುವ ಮಕ್ಕಳ ವಿಷಯ ನೋಡುವುದು ಬಾಲ ನ್ಯಾಯ ಮಂಡಳಿ, ಅದು ಬೇರೆ. ಕಲ್ಯಾಣ ಸಮಿತಿಯ ಮುಂದೆ ಬರುವ ಮಗು ತಪ್ಪು ಮಾಡಿದ ಮಗುವಲ್ಲ, ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು. ಭಿಕ್ಷೆ ಬೇಡುತ್ತಿದ್ದದ್ದು, ಬೀದಿಯಲ್ಲಿ ಬದುಕುತ್ತಿದ್ದದ್ದು, ಕಾನೂನು ಮೀರಿ ದುಡಿಸಿಕೊಂಡದ್ದು, ಮನೆಯವರಿಂದಲೇ ಹಿಂಸೆಗೆ ಒಳಗಾದದ್ದು, ವಯಸ್ಸಾಗುವ ಮುನ್ನ ಮದುವೆಯ ಭಯವಿರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ.

ತಂದೆತಾಯಿ ಎದೆಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಇದೇ ಕಾಯ್ದೆಯ 3ನೇ ಕಲಮಿನಲ್ಲಿದೆ. ಮಗುವನ್ನು ಸಾಕುವ ಮೊದಲ ಹೊಣೆ ಹೆತ್ತವರದು. ಸಂಸ್ಥೆಯಲ್ಲಿಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಆದಷ್ಟು ಬೇಗ ಕುಟುಂಬ ಸೇರುವುದು ಮಗುವಿನ ಹಕ್ಕು, ಅದೂ ಮೊದಲಿದ್ದ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಸ್ಥಿತಿಗೇ ಮರಳುವ ಹಕ್ಕು, ಅದು ಮಗುವಿಗೆ ಒಳ್ಳೆಯದಲ್ಲ ಎಂದು ಕಂಡುಬಂದರೆ ಮಾತ್ರ ಬೇರೆ ಮಾತು. ಅಂದರೆ ಶೀಟಿನ ಮನೆ, ಒಂದೇ ಕೋಣೆ, ಫ್ರಿಜ್ ಇಲ್ಲ ಎಂಬ ಕಾರಣಕ್ಕೆ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ಬಡತನ ಅಪರಾಧವಲ್ಲ. ಇನ್ನೊಂದು ಮಾತೂ ಅಲ್ಲೇ ಇದೆ: ನಿಮ್ಮ ಮಾತು ಕೇಳದೆ ತೀರ್ಮಾನ ಮಾಡುವಂತಿಲ್ಲ.

ಆದರೆ ಮಾತಾಡಲು ನೀವು ಅಲ್ಲಿರಬೇಕಲ್ಲ? ನಾನು ಆ ತಾಯಿಗೆ ಮಾಡಿದ ಅನ್ಯಾಯ ಅದೇ. ಆಕೆಯನ್ನು ಮನೆಯಲ್ಲಿ ಕೂರಿಸಿದೆ.

ಸಮಿತಿ ಮಗುವನ್ನು ಕಂಡ ಕೂಡಲೇ ಸಾಮಾಜಿಕ ತನಿಖೆಗೆ ಹೇಳುತ್ತದೆ. ಅದು 15 ದಿನದಲ್ಲಿ ಮುಗಿಯಬೇಕು. ಮನೆ ಎಲ್ಲಿ, ಯಾರಿದ್ದಾರೆ, ಏನು ದುಡಿಮೆ, ಮಗು ಯಾಕೆ ರಸ್ತೆಗೆ ಬಂತು, ಇವನ್ನೆಲ್ಲ ವಿಚಾರಿಸಿ ವರದಿ ಬರೆಯುತ್ತಾರೆ. ಮುಂದಿನ ಆದೇಶಕ್ಕೆ ಬಹುಪಾಲು ಆಧಾರ ಈ ವರದಿಯೇ. ಬಾಗಿಲಿಗೆ ಬೀಗ ಕಂಡರೆ ಬೀಗ ಎಂದೇ ಬರೆಯುತ್ತಾರೆ. ಹಾಗಾಗಿ ಮೊದಲ ವಾರದಲ್ಲೇ ಸಮಿತಿಯ ಕಚೇರಿಗೆ ಹೋಗಿ, ಹೆಸರು, ಫೋನ್ ನಂಬರು, ಮನೆಯ ಗುರುತು, ಯಾವ ಹೊತ್ತಿಗೆ ಮನೆಯಲ್ಲಿರುತ್ತೀರಿ ಎಂಬುದನ್ನು ಒಂದು ಅರ್ಜಿಯಲ್ಲಿ ಬರೆದುಕೊಡಿ. ಇನ್ನೊಂದು ಪ್ರತಿಯ ಮೇಲೆ ತಲುಪಿದ ಮುದ್ರೆ ಹಾಕಿಸಿಕೊಳ್ಳಿ. ಮಗುವನ್ನು ಎಲ್ಲಿಟ್ಟಿದ್ದಾರೆ ಎಂಬ ಆದೇಶದ ಪ್ರತಿ ಕೇಳಿ. ಓದಲು ಬಾರದಿದ್ದರೆ ಓದಿ ಹೇಳಿ ಎಂದು ಕೇಳಲು ನಾಚಿಕೆ ಬೇಡ. ಮುಂದಿನ ದಿನಾಂಕ ಯಾವುದೆಂದು ಕೇಳಿ ಬರೆದುಕೊಳ್ಳಿ. ಪ್ರತಿ ದಿನಾಂಕಕ್ಕೂ ಹೋಗಿ. ಕೆಲಸದ ಮನೆಯವರು ಬೈದರೂ ಹೋಗಿ.

ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕೆಂದು 36ನೇ ಕಲಮು ಹೇಳುತ್ತದೆ. ಅಷ್ಟು ದಿನ ಮಗುವನ್ನು ಹೋಗಿ ನೋಡಬಹುದು. ಭೇಟಿಯ ದಿನ, ಹೊತ್ತು ಕೇಳಿಕೊಳ್ಳಿ, ಹೋದಾಗಲೆಲ್ಲ ಅಲ್ಲಿನ ಪುಸ್ತಕದಲ್ಲಿ ಸಹಿ ಮಾಡಿ. ಈ ಸಹಿಗಳ ಬೆಲೆ ದೊಡ್ಡದು. ಯಾರೂ ನೋಡಲು ಬಾರದ ಮಗುವಿನ ಕಡತ ನಿಧಾನಕ್ಕೆ ಬೇರೆ ದಿಕ್ಕಿಗೆ ತಿರುಗುತ್ತದೆ. ಹತ್ತಿರದ ಸಂಬಂಧಿಕರ ಮದುವೆ, ಸಾವು, ಪರೀಕ್ಷೆ, ತಂದೆತಾಯಿಯ ಕಾಯಿಲೆ ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಏಳು ದಿನದವರೆಗೆ ಮಗುವನ್ನು ಮನೆಗೆ ಕಳಿಸಲು 98ನೇ ಕಲಮಿನಲ್ಲಿ ಅವಕಾಶವಿದೆ. ಈದ್‌ನ ಹೆಸರು ಅಲ್ಲಿ ಬರೆದಿಲ್ಲ. ಅರ್ಜಿ ಹಾಕಿ ಕೇಳುವುದಕ್ಕೆ ತಡೆಯೂ ಇಲ್ಲ. ಅಣ್ಣ ತಂಗಿಯರನ್ನು ಆದಷ್ಟು ಜೊತೆಯಲ್ಲೇ ಇಡಬೇಕೆಂಬ ಮಾತೂ ಕಾಯ್ದೆಯಲ್ಲಿದೆ. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಮನೆಗಳಿರುವುದರಿಂದ ಈ ಮಾತನ್ನು ನೀವೇ ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ನಮ್ಮಲ್ಲಿ ಬಹಳ ಜನ. ಅವರಿಗೆ ಒಂದು ಎಚ್ಚರಿಕೆ. ಮಗು ಹೊರ ಊರಿನದು ಎಂದು ಗೊತ್ತಾದರೆ, ಅದು ಮಗುವಿಗೆ ಒಳ್ಳೆಯದೆನ್ನಿಸಿದರೆ, ಆ ಜಿಲ್ಲೆಗೇ ವರ್ಗ ಮಾಡುವ ಅಧಿಕಾರ ಸಮಿತಿಗಿದೆ. ಆಧಾರಿನಲ್ಲಿ ಊರಿನ ವಿಳಾಸವಿರುತ್ತದೆ, ನೀವಿರುವುದು ಇಲ್ಲಿ. ಬಾಡಿಗೆ ಚೀಟಿಯೋ ಮೇಸ್ತ್ರಿಯ ಪತ್ರವೋ ಹಿಡಿದು ಮೊದಲೇ ತಿಳಿಸದಿದ್ದರೆ ಮಗು ಐನೂರು ಕಿಲೋಮೀಟರ್ ಆಚೆ ಹೋಗಬಹುದು.

ಮತ್ತೆ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೇಳನೇ ದಿನ ವಕೀಲರು, ಮಸೀದಿಯ ಕಾರ್ಯದರ್ಶಿ, ನಾನು, ಆಕೆಯ ಜೊತೆ ಹೋದೆವು. ಅಳಲು ಸಿದ್ಧವಾಗಿ ಬಂದಿದ್ದ ಆಕೆಗೆ ಸಮಿತಿಯವರು ಮೂರೇ ವಿಷಯ ಕೇಳಿದರು. ನೀವು ಕೆಲಸಕ್ಕೆ ಹೋದಾಗ ಮಕ್ಕಳನ್ನು ಯಾರು ನೋಡುತ್ತಾರೆ? ಯಾವ ಶಾಲೆ? ಅವರ ತಂದೆ ಎಲ್ಲಿ? ಮೂರಕ್ಕೂ ಆ ದಿನ ನಮ್ಮ ಹತ್ತಿರ ಉತ್ತರವಿರಲಿಲ್ಲ. ನನ್ನ ಜೇಬಿನಲ್ಲಿ ಮಸೀದಿಯ ಲೆಟರ್‌ಹೆಡ್ಡಿನ ಪತ್ರವೊಂದಿತ್ತು, ಇದು ಒಳ್ಳೆಯ ಕುಟುಂಬ, ಮಕ್ಕಳನ್ನು ಬಿಡಬೇಕಾಗಿ ವಿನಂತಿ ಎಂದು ಬರೆದಿದ್ದೆ. ಹೊರಗೆ ಬಂದು ವಕೀಲರು ಅದನ್ನು ಓದಿ ಮೆಲ್ಲಗೆ ಮಡಿಸಿ ಕೊಟ್ಟರು. “ಹಜ್ರತ್, ಇದರಲ್ಲಿ ಒಂದು ಸಂಗತಿಯೂ ಇಲ್ಲ.”

ಮುಂದಿನ ದಿನಾಂಕಕ್ಕೆ ಸಂಗತಿಗಳು ಸಿಕ್ಕವು. ಕನಕಪುರದಲ್ಲಿದ್ದ ಅಜ್ಜಿ ಇಲ್ಲಿಗೇ ಬಂದು ಇರಲು ಒಪ್ಪಿದರು. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುತ್ತೇವೆಂದು ಬರೆದುಕೊಟ್ಟರು. ಶಿಕ್ಷಣ ಹಕ್ಕು ಕಾಯ್ದೆ, 2009ರಲ್ಲಿ ಶಾಲೆ ಬಿಟ್ಟ ಮಗುವಿಗೆ ಈ ಹಕ್ಕಿದೆ. ನನ್ನ ಹೊಸ ಪತ್ರದಲ್ಲಿ ಈ ಕುಟುಂಬವನ್ನು ಎಷ್ಟು ವರ್ಷದಿಂದ ಬಲ್ಲೆ, ಶಾಲೆ ಬಿಟ್ಟ ನಂತರ ಸಂಜೆ ಆರರವರೆಗೆ ಮನೆಯಲ್ಲಿ ಯಾರಿರುತ್ತಾರೆ, ಮೂರು ತಿಂಗಳ ಬಾಡಿಗೆ ಜಮಾಅತ್ ಕೊಡುತ್ತದೆ ಎಂದಿತ್ತು. ಸಮಾಜ ಕಾರ್ಯಕರ್ತೆ ಎರಡನೇ ಸಲ ಬಂದಾಗ ಬಾಗಿಲು ತೆರೆದಿತ್ತು. ಮೂರನೇ ತಿಂಗಳಲ್ಲಿ ಮಕ್ಕಳನ್ನು ತಾಯಿಗೆ ಒಪ್ಪಿಸಿ, ಸ್ವಲ್ಪ ಕಾಲ ನಿಗಾ ಇಡಬೇಕೆಂದು ಆದೇಶವಾಯಿತು. ಮೊದಲ ವಾರವೇ ಹೋಗಿದ್ದರೆ ಎಷ್ಟು ದಿನ ಉಳಿಯುತ್ತಿತ್ತು ಎಂದು ಆಕೆ ನನ್ನನ್ನು ಯಾವತ್ತೂ ಕೇಳಲಿಲ್ಲ.

ಆದೇಶ ನಿಮಗೆ ವಿರುದ್ಧವಾಗಿ ಬಂದರೆ? 101ನೇ ಕಲಮಿನ ಪ್ರಕಾರ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ತಡವಾದರೆ ತಕ್ಕ ಕಾರಣ ತೋರಿಸಬೇಕು. ಅದರ ಮೇಲೆ ಹೈಕೋರ್ಟಿದೆ. ಸಮಿತಿಯ ನಡವಳಿಕೆಯ ಬಗ್ಗೆ ದೂರಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು, ನಮ್ಮ ನಗರ ಜಿಲ್ಲೆಯವರ ಕಚೇರಿ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿದೆ. ಸಮಿತಿಯ ಮುಂದೆ ಹಾಜರುಪಡಿಸದೆ, ಆದೇಶವೇ ಇಲ್ಲದೆ ಯಾರಾದರೂ ಮಗುವನ್ನು ಇಟ್ಟುಕೊಂಡಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಗಂಡ ಹೆಂಡತಿ ಜಗಳವಾಡಿ ಮಗು ಯಾರ ಹತ್ತಿರ ಇರಬೇಕು ಎಂಬ ವ್ಯಾಜ್ಯ ಮಾತ್ರ ಇಲ್ಲಿಗಲ್ಲ, ಅದಕ್ಕೆ ಕೌಟುಂಬಿಕ ನ್ಯಾಯಾಲಯವಿದೆ.

ವಕೀಲರಿಗೆ ದುಡ್ಡೆಲ್ಲಿ ಎಂದು ಕೇಳುತ್ತೀರಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಡಿ ಯಾವುದೇ ಮಹಿಳೆಗೆ, ಯಾವುದೇ ಮಗುವಿಗೆ ಉಚಿತ ವಕೀಲರು ಸಿಗುತ್ತಾರೆ. ಇಬ್ಬರಿಗೂ ಆದಾಯದ ಮಿತಿ ಇಲ್ಲ. ತಂದೆಗೆ ಆದಾಯದ ಮಿತಿ ಅಡ್ಡ ಬರಬಹುದು, ಆದ್ದರಿಂದ ಅರ್ಜಿ ತಾಯಿಯ ಹೆಸರಿನಲ್ಲಿರಲಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಿದೆ, ಫೋನಿನಲ್ಲಾದರೆ 15100. ಹದಿನೈದು ಸಾವಿರ ಕೇಳುವವನ ಅಗತ್ಯವೇ ಇಲ್ಲ.

ಈಗ ಬೀದಿಯಲ್ಲಿ ಓಡಾಡುವ ಒಂದು ಭಯದ ಬಗ್ಗೆ. ಮಗುವನ್ನು ಬೇರೆಯವರಿಗೆ ದತ್ತು ಕೊಟ್ಟುಬಿಡುತ್ತಾರೆ ಎನ್ನುತ್ತಾರೆ. ನಾರ್ವೆಯಲ್ಲಿ 2011ರಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಸರ್ಕಾರ ತೆಗೆದುಕೊಂಡದ್ದು, ಆ ತಾಯಿ ವರ್ಷಗಟ್ಟಲೆ ಹೋರಾಡಿದ್ದು 2023ರಲ್ಲಿ ಸಿನಿಮಾ ಆದ ಮೇಲೆ ಈ ಭಯ ಹೆಚ್ಚಿದೆ. ನಮ್ಮ ಕಾಯ್ದೆಯಲ್ಲಿ ಅನಾಥ ಎಂದೋ, ಹೆತ್ತವರು ತೊರೆದಿದ್ದಾರೆ ಎಂದೋ, ಹೆತ್ತವರೇ ಒಪ್ಪಿಸಿದ್ದಾರೆ ಎಂದೋ ವಿಚಾರಣೆಯಾಗಿ ಘೋಷಣೆಯಾಗಬೇಕು, ಹೆತ್ತವರನ್ನು ಹುಡುಕುವ ಪ್ರಯತ್ನವಾಗಬೇಕು. ತೊರೆದ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು. ಹುಡುಕಿಕೊಂಡು ಬಂದು ಎದುರಿಗೆ ನಿಂತ ತಾಯಿಯ ಮಗುವನ್ನು ತೊರೆದ ಮಗು ಎನ್ನಲು ಬರುವುದಿಲ್ಲ. ಭಯದಿಂದ ಅವಿತು ಕೂತರೆ ಮಾತ್ರ ಕಡತದಲ್ಲಿ ಹಾಗೆ ಕಾಣುತ್ತದೆ. ದತ್ತು ಆದೇಶವಾದ ಮೇಲಂತೂ ಹೆತ್ತವರ ಸಂಬಂಧ ಕಾನೂನಿನಲ್ಲಿ ಕಡಿದುಹೋಗುತ್ತದೆ.

ನಿಜವಾದ ಅಪಾಯ ಒಂದು ಕಾಗದದಲ್ಲಿದೆ, ಒಪ್ಪಿಸುವ ಪತ್ರ. ನನ್ನಿಂದ ಸಾಕಲು ಆಗದು, ಮಗುವನ್ನು ಒಪ್ಪಿಸುತ್ತಿದ್ದೇನೆ ಎಂದು ತಾಯಿ ತಂದೆ ಸಮಿತಿಯ ಮುಂದೆ ಬರೆದುಕೊಡುವ ಪತ್ರವಿದು. ಹಾಸ್ಟೆಲ್ ಸೇರಿಸುವ ಕಾಗದವೆಂದುಕೊಂಡು ಹೆಬ್ಬೆಟ್ಟು ಒತ್ತಿಬಿಟ್ಟರೆ? 35ನೇ ಕಲಮಿನಡಿ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಅಷ್ಟರಲ್ಲಿ ಬರವಣಿಗೆಯಲ್ಲಿ ವಾಪಸು ಕೇಳಬೇಕು. ಸಾಕುವ ಶಕ್ತಿ ನಿಜಕ್ಕೂ ಇಲ್ಲದಿದ್ದರೆ ಒಪ್ಪಿಸುವುದಕ್ಕೆ ಮೊದಲು ಅಜ್ಜಿ, ಚಿಕ್ಕಮ್ಮ, ಮಾವ ಯಾರಾದರೂ ಮುಂದೆ ಬರುತ್ತಾರೆಯೇ ನೋಡಿ. ಸಂಬಂಧಿಕರ ವಶಕ್ಕೆ ಕೊಡಲೂ ಸಮಿತಿಗೆ ಅಧಿಕಾರವಿದೆ. ಮಗುವಿನ ತಂದೆಯ ಹೆಸರು ಅಳಿಸದೆ, ವಂಶ ಬದಲಿಸದೆ ಸಾಕುವ ಕಫಾಲತ್ ನಮಗೆ ಹೊಸದೂ ಅಲ್ಲ. ದುಡ್ಡಿನ ಕಷ್ಟವಾದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಕೇಳಿ. ವಿಧವೆ, ಗಂಡ ಬಿಟ್ಟವರು, ದುಡಿಯಲಾಗದಷ್ಟು ಕಾಯಿಲೆಯವರು, ಇಂಥ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ವರ್ಷದ ಆದಾಯ 96,000 ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಇಷ್ಟು ಹೇಳಿದ ಮೇಲೆ ನಮ್ಮವರಿಗೆ ಕಹಿಯಾಗುವ ಮಾತನ್ನೂ ಹೇಳದಿದ್ದರೆ ಅದು ಖಿಯಾನತ್. ಮಗುವನ್ನು ತೆಗೆದುಕೊಂಡದ್ದೆಲ್ಲ ಅನ್ಯಾಯವಲ್ಲ. ಬೆನ್ನ ಮೇಲೆ ಬರೆ ಇರುವ ಮಗು, ಮನೆಯೊಳಗಿನವನಿಂದಲೇ ಕೆಟ್ಟ ಸ್ಪರ್ಶ ಅನುಭವಿಸಿದ ಮಗು ಮನೆಗೆ ಬರುವುದಕ್ಕೆ ಮೊದಲು ಆ ಮನೆ ಬದಲಾಗಬೇಕು. ಅಂಥ ಮಗುವಿನ ಹತ್ತಿರ ಭೇಟಿಯ ದಿನ ಹೋಗಿ, ಅಬ್ಬಾ ಹೊಡೆದಿಲ್ಲ ಅಂತ ಹೇಳು ಎಂದು ಕಲಿಸುವುದು ದೊಡ್ಡ ಗುನಾಹ್. ಪೋಕ್ಸೋ ಕಾಯ್ದೆಯಡಿ ಇಂಥದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ, ಅದು ನನಗೂ ಅನ್ವಯಿಸುತ್ತದೆ. ಮಾನ ಹೋಗುತ್ತದೆ, ನಮ್ಮೊಳಗೇ ಮುಗಿಸೋಣ ಎಂದು ನನ್ನ ಹತ್ತಿರ ಬರಬೇಡಿ. ಹುಡುಗಿಗೆ ಹದಿನೈದಾಯಿತು, ನಿಕಾಹ್ ಓದಿಬಿಡಿ ಎನ್ನುವವರಿಗೂ ಇದೇ ಉತ್ತರ. ಕರ್ನಾಟಕದ 2016ರ ತಿದ್ದುಪಡಿಯ ನಂತರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಪೋಕ್ಸೋ ವೈಯಕ್ತಿಕ ಕಾನೂನಿಗಿಂತ ಮೇಲೆಂದು 2022ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ.

ವಾಟ್ಸ್‌ಆ್ಯಪ್ ವಿಷಯ ಒಂದೇ ಮಾತು. ನಮ್ಮ ಮಕ್ಕಳನ್ನು ಎತ್ತಿಕೊಂಡು ಹೋದರು ಎಂದು ಮಗುವಿನ ಫೋಟೋ, ಹೆಸರು, ಶಾಲೆ ಹಾಕಿ ಕಳಿಸುವುದು 74ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ಹುಡುಗಿ ದೊಡ್ಡವಳಾದ ಮೇಲೂ ಆ ಫೋಟೋ ಊರೆಲ್ಲ ಸುತ್ತುತ್ತಿರುತ್ತದೆ. ಹಾಗೆಯೇ ಮಸೀದಿಯ ಬಳಿ ದಾರಿ ತಪ್ಪಿದ ಮಗು ಸಿಕ್ಕರೆ ಒಳ್ಳೆಯ ಮನಸ್ಸಿನಿಂದಲೂ ಮನೆಗೆ ಕರೆದೊಯ್ದು ಇಟ್ಟುಕೊಳ್ಳಬೇಡಿ. 24 ಗಂಟೆಯೊಳಗೆ 1098ಕ್ಕೋ ಪೊಲೀಸರಿಗೋ ತಿಳಿಸಲೇಬೇಕು.

ನಮ್ಮ ಮಸೀದಿಯಲ್ಲಿ ಈಗ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಆ ತಾಯಿಯೇ, ಸಮಿತಿಯ ದಿನಾಂಕಗಳಿಗೆ ಜೊತೆಯಲ್ಲಿ ಹೋಗಲು ಒಪ್ಪಿದ್ದಾರೆ. ಮಂಗಳವಾರ ಮತ್ತು ಶನಿವಾರ ಅಸರ್ ನಂತರ ಕಚೇರಿಯಲ್ಲಿ ಸಿಗುತ್ತಾರೆ. ಬರುವಾಗ ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಯಾವುದಾದರೂ ಚೀಟಿ, ರೇಷನ್ ಕಾರ್ಡ್, ತಾಯಿ ತಂದೆಯ ಆಧಾರ್ ತನ್ನಿ. ಇವು ಯಾವುದೂ ಇಲ್ಲದಿದ್ದರೂ ಬನ್ನಿ, ಆದರೆ ಆ ದಿನವೇ ಬನ್ನಿ.